‘ಕರೆಂಟ್ ಟು ವೋಲ್ಟೇಜ್’ ಬೋರ್ಡ್: ಸೆನ್ಸರ್ ಕಿತ್ತರೂ ರೀಡಿಂಗ್ ಬರುತ್ತೆ, ಹುಷಾರು

‘ಎಲ್ಲಾ ಗ್ಯಾಸ್ ಸೆನ್ಸರ್‌ಗೂ ಆಗುತ್ತೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿ, ಸೆನ್ಸರಿನ ಕರೆಂಟನ್ನು ವೋಲ್ಟೇಜ್ ಮಾಡೋ ಈ ಬೋರ್ಡ್ ಮಾರುತ್ತಾರೆ. ಕೈಗೆ ಬಂದದ್ದು 4–20 ಮಿಲಿ ಆಂಪ್ ಲೂಪಿನ (ಕಾರ್ಖಾನೆ ಉಪಕರಣಗಳ ಸಿಗ್ನಲ್) ಬೋರ್ಡ್. ಮಿಲಿ! ಮೂರು ಕಾಲಿನ (ವರ್ಕಿಂಗ್, ರೆಫರೆನ್ಸ್, ಕೌಂಟರ್) ಎಲೆಕ್ಟ್ರೋಕೆಮಿಕಲ್ ಸಿಓ (ಕಾರ್ಬನ್ ಮೊನಾಕ್ಸೈಡ್) ಸೆನ್ಸರ್ ಕೊಡೋದು ಪಿಪಿಎಂಗೆ (ಹತ್ತು ಲಕ್ಷದಲ್ಲಿ ಒಂದು ಭಾಗ) ಸುಮಾರು 70 ನ್ಯಾನೋ ಆಂಪ್. 50 ಪಿಪಿಎಂ ಇದ್ದರೂ 3.5 ಮೈಕ್ರೋ ಆಂಪ್ ಅಷ್ಟೇ. ಬೋರ್ಡಿನ ಇನ್‌ಪುಟ್‌ನಲ್ಲಿ ಗ್ರೌಂಡಿಗೆ ಒಂದು 100 ಓಮ್ ರೆಸಿಸ್ಟರ್ ಕೂತಿದೆ. ಗುಣಿಸಿ ನೋಡಿ, 0.35 ಮಿಲಿವೋಲ್ಟ್. ಅದರಲ್ಲಿ ಏನು ಓದೋದು?

ಮೋಸ ಹೋದ ಜಾಗ ಮಾತ್ರ ಝೀರೋ ಪಾಟ್, ಅಂದರೆ ಸೊನ್ನೆ ಹೊಂದಿಸೋ ತಿರುಗಣೆ. ಸ್ವಲ್ಪ ತಿರುಗಿಸಿದರೆ ಔಟ್‌ಪುಟ್ 0.40 ವೋಲ್ಟ್. ಓದ್ತಾ ಇದೆ ಅಂದುಕೊಂಡದ್ದೇ ತಪ್ಪು. ಸೆನ್ಸರ್ ಕಿತ್ತು ಪಕ್ಕಕ್ಕಿಟ್ಟರೂ ಮೀಟರಲ್ಲಿ ಅದೇ 0.40! ಸೆನ್ಸರೇ ಇಲ್ಲ, ರೀಡಿಂಗ್ ಇದೆ. ನಾಚಿಕೆಗೇಡು. ಇದನ್ನು ಸಿಓ ಅಲಾರಂಗೆ ಹಾಕಿದ್ದರೆ ಈಗಲೇ ಕಿತ್ತುಹಾಕಿ.

ಮಾರಿದವರ ಉತ್ತರ: ‘ಕರೆಂಟ್ ಅಂದ್ರೆ ಕರೆಂಟೇ ಅಲ್ವಾ ಸಾರ್?’ ಮತ್ತೆ ಕೇಳಿದರೆ, ‘24 ಗಂಟೆ ಬಿಸಿಯಾಗಲಿ ಬಿಡಿ.’ ಬಿಸಿಯಾಗಬೇಕಾದ್ದು ಹೀಟರ್ ಇರೋ ಎಂಕ್ಯೂ (MQ) ಸರಣಿಯ ಗ್ಯಾಸ್ ಸೆನ್ಸರ್. ಇದರಲ್ಲಿ ಹೀಟರೇ ಇಲ್ಲ! ಕೊನೆಗೆ, ‘ನಿಮ್ಮ ಸೆನ್ಸರೇ ಹೋಗಿದೆ ಸಾರ್.’

ಹೋಗಿರಲಿಲ್ಲ. ರೆಫರೆನ್ಸ್, ಕೌಂಟರ್ ಕಾಲುಗಳನ್ನು ಎಲ್ಲಿ ಹಾಕೋದು ಅಂತ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಎರಡು ಸ್ಕ್ರೂ ಇರೋ ಬೋರ್ಡಲ್ಲಿ ಅದಕ್ಕೆ ಜಾಗ ಎಲ್ಲಿ?

ಈ ಸೆನ್ಸರ್‌ಗೆ ಬೇಕಾದ್ದು ಎರಡು ಆಪ್‌ಆಂಪ್ (ಸಣ್ಣ ಸಿಗ್ನಲ್ ಹಿಗ್ಗಿಸೋ ಸರ್ಕ್ಯೂಟ್). ಒಂದು, ರೆಫರೆನ್ಸ್ ಕಾಲಿನ ವೋಲ್ಟೇಜ್ ನೋಡಿಕೊಂಡು ಕೌಂಟರ್ ಕಾಲನ್ನು ಓಡಿಸಬೇಕು. ಇನ್ನೊಂದರ ಮೈನಸ್ ಇನ್‌ಪುಟ್‌ಗೆ 10 ಓಮ್ ಮೂಲಕ ವರ್ಕಿಂಗ್ ಕಾಲು, ಆ ಮೈನಸ್ ಇನ್‌ಪುಟ್‌ನಿಂದ ಔಟ್‌ಪುಟ್‌ಗೆ 100 ಕೆ (ಕಿಲೋ ಓಮ್) ಫೀಡ್‌ಬ್ಯಾಕ್ ರೆಸಿಸ್ಟರ್. ಆಗ 50 ಪಿಪಿಎಂಗೆ 0.35 ವೋಲ್ಟ್ ಏರುತ್ತೆ. 500 ಪಿಪಿಎಂವರೆಗೆ ಬೇಕಾದರೆ 3.5 ವೋಲ್ಟ್ ಆಗಿಬಿಡುತ್ತೆ, 3.3 ವೋಲ್ಟ್ ಸಪ್ಲೈಯಲ್ಲಿ ತಲೆ ಬಡಿಯುತ್ತೆ. 47 ಕೆ ಹಾಕಿ. ಎಲ್‌ಎಂ358 ಆಪ್‌ಆಂಪ್ ಬೇಡ, ಅದರ ಇನ್‌ಪುಟ್‌ನಲ್ಲಿ ಹರಿಯೋ ಬಯಾಸ್ ಕರೆಂಟೇ ಹತ್ತಾರು ನ್ಯಾನೋ ಆಂಪ್, ಅರ್ಧ ಪಿಪಿಎಂ ಅಲ್ಲೇ ಹೋಯ್ತು. ಎಂಸಿಪಿ6042 ತರಹದ ಸೀಮಾಸ್ (CMOS) ಆಪ್‌ಆಂಪ್ ತಗೊಳ್ಳಿ. ಬೆಸುಗೆಯ ಫ್ಲಕ್ಸ್ ಒರೆಸಿ, ಅದರ ಮೂಲಕವೂ ಕರೆಂಟ್ ಸೋರುತ್ತೆ.

ಯಾವುದೇ ಬೋರ್ಡ್ ಬಂದರೂ ಮೊದಲು ಸೆನ್ಸರ್ ಇಲ್ಲದೆ ನೋಡಿ. ಬೋರ್ಡಿನ ರೆಫರೆನ್ಸ್ ವೋಲ್ಟೇಜ್ (ಆಪ್‌ಆಂಪ್‌ನ ಪ್ಲಸ್ ಇನ್‌ಪುಟ್‌ಗೆ ಕೊಡೋದು) 1 ವೋಲ್ಟ್ ಇದ್ದರೆ, ವರ್ಕಿಂಗ್ ಪ್ಯಾಡಿನಿಂದ ಗ್ರೌಂಡಿಗೆ 1 ಮೆಗಾ ಓಮ್ ಹಿಡಿಯಿರಿ. 1 ಮೈಕ್ರೋ ಆಂಪ್ ಹರಿಯುತ್ತೆ; 100 ಕೆ ಇದ್ದರೆ ಔಟ್‌ಪುಟ್ 0.1 ವೋಲ್ಟ್ ಏರಬೇಕು. ಏರಲಿಲ್ಲವಾ, ಪಾಟ್ ಮುಟ್ಟೋಕೆ ಹೋಗಬೇಡಿ, ವಾಪಸ್ ಕಳಿಸಿ.