72 ಗಂಟೆಯ ಎಮರ್ಜೆನ್ಸಿ ಬ್ಯಾಗು: ಕಾಳ್ಗಿಚ್ಚು ಬಂದಾಗ ಹೊತ್ತುಕೊಂಡು ಹೊರಟವಳ ವಿಮರ್ಶೆ

ಐದಕ್ಕೆ ಮೂರು ನಕ್ಷತ್ರ. ಎರಡು ರೇಡಿಯೋಗೆ, ಒಂದು ಬ್ಯಾಗಿನ ಮುಂದಿರುವ ಖಾಲಿ ಜೇಬಿಗೆ. ಉಳಿದ ಸಾಮಾನಿಗೆ ಏನೂ ಇಲ್ಲ.

ಆಪತ್ತಿನಲ್ಲಿ ಮೂರು ದಿನಕ್ಕೆ ಬೇಕಾದ ಸಾಮಾನು ತುಂಬಿಸಿ ಮಾರುವ ಈ ಬ್ಯಾಗಿನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಅದು ಮನೆಗೆ ಬಂದ ದಿನವೇ ಬರೆದಿದ್ದಾರೆ. ಪ್ಯಾಕಿಂಗ್ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಮನೆಯಲ್ಲಿದ್ದರೆ ಒಂದು ಧೈರ್ಯ, ಇತ್ಯಾದಿ. ಅವತ್ತೇ ಬರೆದಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಹದಿನಾಲ್ಕು ತಿಂಗಳು ಅದು ಬಾಗಿಲ ಹಿಂದೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಸುಮ್ನೆ ಕೂತಿತ್ತು. ಆಮೇಲೆ ಒಂದು ಮಧ್ಯಾಹ್ನ ಮನೆ ಹಿಂದಿನ ಗುಡ್ಡಕ್ಕೆ ಬೆಂಕಿ ಬಿತ್ತು. ಆರು ರಾತ್ರಿ ಹೊರಗೆ ಕಳೆದು ಬಂದ ಮೇಲೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಇಂಥ ಬ್ಯಾಗುಗಳು ಹೊರಗೆ ಬೇರೆ ಬೇರೆ ಬಣ್ಣ ಅಷ್ಟೇ, ಒಳಗೆಲ್ಲ ಅಣ್ಣತಮ್ಮಂದಿರೇ.

ಮನೆಯಲ್ಲಿ ನಾವು ನಾಲ್ಕು ಜನ: ನಾನು, ನಮ್ಮವರು, ಒಂಬತ್ತು ವರ್ಷದ ಮಗಳು, ಎಪ್ಪತ್ತಾರು ದಾಟಿದ ಅತ್ತೆ. ಬ್ಯಾಗಿನ ಮೇಲೆ ‘2 ಜನ, 72 ಗಂಟೆ’ ಎಂದು ಬರೆದಿತ್ತು. ನಾಲ್ಕು ಜನರಿಗೆ ಒಂದೂವರೆ ದಿನ ಬರುತ್ತೆ ಅಲ್ವಾ ಎಂದುಕೊಂಡು ಒಂದೇ ತರಿಸಿದ್ದೆ. ಬೆಕ್ಕನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಅವತ್ತು 2 ಗಂಟೆ 10 ನಿಮಿಷಕ್ಕೆ ಫೋನು ಕಿರುಚಿತು. ‘ಹೊರಡಲು ಸಿದ್ಧರಾಗಿರಿ’ ಎಂಬ ಸಂದೇಶ. ಹೊರಗೆ ಬಂದು ನೋಡಿದರೆ ಬಿಸಿಲು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬೆಂಕಿ ಇನ್ನೂ ಗುಡ್ಡದ ಆಚೆಗಿತ್ತು, ಜ್ವಾಲೆ ಕಾಣುತ್ತಿರಲಿಲ್ಲ. ಮೆಟ್ಟಿಲ ಮೇಲೆ ಒಂದು ಎಲೆ ಬಂದು ಬಿದ್ದಿತ್ತು. ಪೂರ್ತಿ ಸುಟ್ಟು ಕರ್ರಗಾಗಿದ್ದರೂ ಆಕಾರ ಹಾಗೇ ಇತ್ತು, ನರಗಳು ಒಂದೊಂದೂ ಎಣಿಸುವ ಹಾಗೆ. ಬೆರಳು ತಾಗಿಸಿದೆ, ಪುಡಿಯಾಯಿತು. ಗಾಳಿ ಜೋರಿದ್ದರೆ ಕಿಡಿಗಳು ಒಂದೂವರೆ ಕಿಲೋಮೀಟರಿಗಿಂತ ದೂರಕ್ಕೂ ಹಾರುತ್ತವೆ. ಎಷ್ಟೋ ಮನೆಗಳಿಗೆ ಬೆಂಕಿ ತಗಲುವುದು ಹಾಗೇ. ಜ್ವಾಲೆ ಇನ್ನೂ ದೂರ ಇರುವಾಗಲೇ ಸೂರಿನ ಸಂದಿಗೋ, ಚಾವಣಿಯ ನೀರು ಇಳಿಯುವ ದೋಣಿಯಲ್ಲಿ ಸೇರಿದ ಒಣಗಿದ ಎಲೆಗಳಿಗೋ ಒಂದು ಕಿಡಿ ಬಂದು ಕೂರುತ್ತದೆ. ನಮ್ಮ ದೋಣಿಯಲ್ಲಿ ಎರಡು ವರ್ಷದ ಎಲೆ ಇತ್ತು. ‘ಈ ಭಾನುವಾರ ತೆಗೀತೀನಿ’ ಎಂದು ನಮ್ಮವರು ಹೇಳುತ್ತಲೇ ಇದ್ದರು.

2:25ಕ್ಕೆ ಕರೆಂಟು ಹೋಯಿತು. ಐದು ನಿಮಿಷದಲ್ಲಿ ಫೋನಿನ ಸಿಗ್ನಲ್ಲೂ ಹೋಯಿತು.

ನಾನು ಬ್ಯಾಗು ತೆಗೆದದ್ದು ಆಗ. ಅವಸರಕ್ಕೆ ಜಿಪ್ ಎಳೆದೆ, ಒಳಗಿನ ಬಟ್ಟೆ ಅದರ ಹಲ್ಲಿಗೆ ಸಿಕ್ಕಿಕೊಂಡಿತು. ಮೊದಲು ಕೈಗೆ ಬಂದದ್ದು ಟಾರ್ಚು. ಸ್ವಿಚ್ ಒತ್ತಿದರೆ ಬೆಳಕಿಲ್ಲ. ಮುಚ್ಚಳ ತಿರುಗಿಸಿ ನೋಡಿದರೆ ಸೆಲ್‌ಗಳು ಸೋರಿ ಬಿಳಿ ಪುಡಿ ಕಟ್ಟಿತ್ತು. ಕಂಪನಿಯವರು ಸೆಲ್ ಒಳಗೇ ಹಾಕಿ ಕಳಿಸುತ್ತಾರೆ. ನೀವು ಈಗಾಗಲೇ ಕೊಂಡಿದ್ದರೆ ಇವತ್ತೇ ಹೊರತೆಗೆದು ಬೇರೆ ಕವರಿನಲ್ಲಿಡಿ.

ಮಗಳು ಅಷ್ಟರಲ್ಲಿ ರೇಡಿಯೋ ಎತ್ತಿಕೊಂಡಿದ್ದಳು. ಅಂಗೈ ಅಗಲದ್ದು, ಪಕ್ಕದಲ್ಲಿ ಒಂದು ಪುಟ್ಟ ಹಿಡಿ. ಅದನ್ನು ತಿರುಗಿಸಿದರೆ ಕರೆಂಟು ಹುಟ್ಟುತ್ತದೆ. ಅವಳಿಗೆ ಅದು ಆಟ. ಒಂದು ನಿಮಿಷ ತಿರುಗಿಸಿದರೆ ಐದಾರು ನಿಮಿಷ ಮಾತಾಡುತ್ತಿತ್ತು. 2:50ಕ್ಕೆ ನಮ್ಮ ಬಡಾವಣೆಯ ಹೆಸರು ಅದರಲ್ಲಿ ಬಂತು. ಈಗಲೇ ಹೊರಡಿ, ಕೆಳಗಿನ ಸೇತುವೆ ರಸ್ತೆ ಮುಚ್ಚಿದೆ, ಮೇಲಿನ ರಸ್ತೆ ಹಿಡಿಯಿರಿ. ಅದೇ ಸಂದೇಶ ನನ್ನ ಫೋನಿಗೆ ಬಂದದ್ದು ಸಂಜೆ ಏಳು ಗಂಟೆಗೆ, ನಾವು ಆಗಲೇ ಆಶ್ರಯ ಕೇಂದ್ರದಲ್ಲಿ ಚಾಪೆ ಹಾಸುತ್ತಿದ್ದಾಗ. 2023ರ ಆಗಸ್ಟಿನಲ್ಲಿ ಹವಾಯಿಯ ಲಹೈನಾ ಊರು ಸುಟ್ಟಾಗ ಎಚ್ಚರಿಕೆಯ ಸೈರನ್ ಮೊಳಗಿರಲಿಲ್ಲ, ಮೊಬೈಲ್ ಜಾಲವೂ ಕೈಕೊಟ್ಟಿತ್ತು. ಅದನ್ನು ಓದಿದ್ದೆ, ಮರೆತಿದ್ದೆ. ಆ ಎರಡು ನಕ್ಷತ್ರ ಇದಕ್ಕೇ.

ಅದೇ ಹಿಡಿಯಿಂದ ಫೋನು ಚಾರ್ಜ್ ಮಾಡಬಹುದು ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಆಮೇಲೆ ಹತ್ತು ನಿಮಿಷ ತಿರುಗಿಸಿ ನೋಡಿದೆ. ಚಾರ್ಜು ಒಂದು ಪರ್ಸೆಂಟ್ ಏರಿತು, ರಟ್ಟೆ ಬಿದ್ದುಹೋಯಿತು. ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಿ.

ಮಾಸ್ಕಿನ ವಿಷಯಕ್ಕೆ ಬರುತ್ತೇನೆ. ನನಗೆ ಸಿಟ್ಟಿರುವುದು ಇಲ್ಲೇ. ಪಟ್ಟಿಯಲ್ಲಿ ‘ಧೂಳು ಮತ್ತು ಹೊಗೆ ಮಾಸ್ಕ್’ ಎಂದಿತ್ತು. ಕವರು ಹರಿದು ನೋಡಿದರೆ ಆಸ್ಪತ್ರೆಯಲ್ಲಿ ಕೊಡುವ ತೆಳ್ಳನೆಯ ನೀಲಿ ಮಾಸ್ಕು. ಅದೂ ಎರಡೇ. ಕಾಳ್ಗಿಚ್ಚಿನ ಹೊಗೆಯಲ್ಲಿ ಹೆಚ್ಚು ಕೇಡು ಮಾಡುವುದು 2.5 ಮೈಕ್ರಾನಿಗಿಂತ ಸಣ್ಣ ಕಣ. ಅದು ತಲೆಕೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ನೀಲಿ ಮಾಸ್ಕು ಕೆನ್ನೆಯ ಪಕ್ಕದಲ್ಲಿ ಕಿಟಕಿ ಬಿಟ್ಟ ಹಾಗೆ ತೆರೆದಿರುತ್ತದೆ, ಅಲ್ಲಿಂದಲೇ ಎಲ್ಲ ಒಳಗೆ. ಒದ್ದೆ ಬಟ್ಟೆ ಕಟ್ಟಿಕೊಂಡರೂ ಅಷ್ಟೇ. ಬೇಕಾದದ್ದು ಎನ್95. ಅದು 0.3 ಮೈಕ್ರಾನಿನಷ್ಟು ಸಣ್ಣ ಕಣಗಳಲ್ಲೂ ಕನಿಷ್ಠ 95 ಪರ್ಸೆಂಟ್ ತಡೆಯುತ್ತದೆ, ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ನಮ್ಮವರಿಗೆ ಗಡ್ಡ ಇದೆ, ಹಾಗಾಗಿ ಅವರಿಗೆ ಎನ್95 ಕೊಟ್ಟರೂ ಅರ್ಧ ದಂಡ. ಕಾರ್ಬನ್ ಮೊನಾಕ್ಸೈಡಿನಂಥ ಅನಿಲವನ್ನಂತೂ ಯಾವ ಎನ್95 ಕೂಡ ತಡೆಯುವುದಿಲ್ಲ. ಮಾಸ್ಕು ಇದೆ ಅಂತ ಹೊಗೆಯಲ್ಲಿ ನಿಲ್ಲೋಕೆ ಆಗುವುದಿಲ್ಲ. ಅತ್ತೆಗೆ ಮೊದಲೇ ಉಬ್ಬಸ. ಕಾರಿನಲ್ಲಿ ಕೂತು ಕಿಟಕಿ ಏರಿಸಿ, ಹೊರಗಿನ ಗಾಳಿ ಒಳಬರದ ಹಾಗೆ ಏಸಿಯ ಗುಂಡಿ ಒತ್ತಿದ ಮೇಲೇ ಅವರ ಉಸಿರು ತಹಬಂದಿಗೆ ಬಂದದ್ದು.

ಬೆಳ್ಳಿ ಕಾಗದದಂಥ ಹೊದಿಕೆಯ ಕತೆ ಇನ್ನೂ ಒಂದು. ಅತ್ತೆ ಅದನ್ನು ಬಿಡಿಸಿ, ಹೊಳೆಯುವುದನ್ನು ನೋಡಿ, ಮಗಳ ಹೆಗಲಿಗೆ ಸುತ್ತುತ್ತಿದ್ದರು. “ಇದು ಬೆಂಕಿಗೆ ಆಗತ್ತೆ ಕಣೇ, ಟೀವಿಯಲ್ಲಿ ನೋಡಿದೀನಿ, ಬೆಂಕಿ ಆರಿಸೋರು ಇದರೊಳಗೇ ಮಲಗ್ತಾರೆ” ಎಂದರು. ಅವರು ನೋಡಿದ್ದು ಸುಳ್ಳಲ್ಲ. ಆದರೆ ಅಗ್ನಿಶಾಮಕರ ಗುಡಾರ ಬೇರೆ. ಅದು ಅಲ್ಯೂಮಿನಿಯಂ ಹಾಳೆಗೆ ಗಾಜಿನ ನೂಲು, ಸಿಲಿಕಾ ಬಟ್ಟೆ ಸೇರಿಸಿ ಮಾಡಿದ್ದು. ನಮ್ಮ ಬ್ಯಾಗಿನದು ಚಳಿಗೆ ಮೈಶಾಖ ಹಿಡಿದಿಡುವ ತೆಳ್ಳನೆಯ ಪಾಲಿಯೆಸ್ಟರು, 250 ಡಿಗ್ರಿ ಆಸುಪಾಸಿಗೆ ಕರಗಿ ಮೈಗೆ ಅಂಟುತ್ತದೆ. “ಅತ್ತೆ, ಬೇಡ ತೆಗೀರಿ, ಅದು ಪ್ಲಾಸ್ಟಿಕ್ಕು” ಎಂದು ನಾನು ಕಿರುಚಿದೆ. ಅವರಿಗೆ ನೋವಾಯಿತು ಅನ್ನಿಸುತ್ತೆ. ಬ್ಯಾಗಿನಲ್ಲಿದ್ದ ಮಳೆಯಂಗಿಯೂ ಅದೇ ಜಾತಿ. ಕಾಳ್ಗಿಚ್ಚಿನಲ್ಲಿ ಹೊರಡುವಾಗ ತುಂಬುತೋಳಿನ ಹತ್ತಿ ಅಥವಾ ಉಣ್ಣೆ ಬಟ್ಟೆ, ಮುಚ್ಚಿದ ಬೂಟು ಹಾಕಿಕೊಳ್ಳಬೇಕು. ನೈಲಾನು, ಪಾಲಿಯೆಸ್ಟರು ಬೇಡ. ಇಡೀ ಬ್ಯಾಗಿನಲ್ಲಿ ಹತ್ತಿಯದು ಅಂತ ಇದ್ದದ್ದು ಗಾಯಕ್ಕೆ ಒತ್ತುವ ಉಂಡೆ ಮಾತ್ರ.

ಇದನ್ನು ಮಾಡಿದವರ ತಲೆಯಲ್ಲಿ ಭೂಕಂಪವೋ ಪ್ರವಾಹವೋ ಇದ್ದಿರಬೇಕು. ಇದ್ದಲ್ಲೇ ಸಿಕ್ಕಿಹಾಕಿಕೊಂಡು ಯಾರಾದರೂ ಬರಲಿ ಎಂದು ಕಾಯುವವರಿಗೆ ಸೀಟಿ, ಮಳೆಯಂಗಿ, ಇಟ್ಟಿಗೆಯಂಥ ಬಿಸ್ಕತ್ತು ಎಲ್ಲ ಸರಿ. ಬೆಂಕಿ ಬಂದಾಗ ಕೂರಲು ಬಿಡುವುದಿಲ್ಲ. ಹತ್ತು ನಿಮಿಷ ಕೊಡುತ್ತದೆ, ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು ಅನ್ನುವುದೇ ತೋಚುವುದಿಲ್ಲ. ಒಳಗಿದ್ದ ಪುಸ್ತಿಕೆಯಲ್ಲಿ ಹಾವು ಕಚ್ಚಿದರೆ ಏನು ಮಾಡಬೇಕು ಎಂದು ಎರಡು ಪುಟ ಇದೆ. ಕಾಳ್ಗಿಚ್ಚಿಗೆ ನಾಲ್ಕು ಸಾಲು.

ಆ ನಾಲ್ಕು ಸಾಲಿನಲ್ಲಿ ಗ್ಯಾರೇಜಿನ ಬಾಗಿಲಿನ ಮಾತೇ ಇಲ್ಲ. ನಮ್ಮದು ಗುಂಡಿ ಒತ್ತಿದರೆ ಏಳುವ ಬಾಗಿಲು. ಕರೆಂಟಿಲ್ಲ, ಏಳಲಿಲ್ಲ. ಕಾರು ಒಳಗೆ, ನಾವು ಒಳಗೆ. ಮೇಲಿನ ಕಂಬಿಯಿಂದ ಒಂದು ಕೆಂಪು ಹಗ್ಗ ನೇತಾಡುತ್ತಿರುತ್ತದೆ. ಅದನ್ನು ಕೆಳಗೆ ಎಳೆದರೆ ಮೋಟರಿನ ಕೊಂಡಿ ಬಿಟ್ಟುಕೊಂಡು ಬಾಗಿಲನ್ನು ಕೈಯಲ್ಲೇ ಎತ್ತಬಹುದು. ಅಷ್ಟು ವರ್ಷ ನಾನು ಅದನ್ನು ಯಾವುದೋ ಪ್ಯಾಕಿಂಗ್ ಹಗ್ಗ, ಕತ್ತರಿಸಲು ಮರೆತಿದ್ದಾರೆ ಎಂದುಕೊಂಡಿದ್ದೆ. ನಮ್ಮವರಿಗೆ ಗೊತ್ತಿತ್ತು, ಬದುಕಿದೆವು. 2017ರಲ್ಲಿ ಕ್ಯಾಲಿಫೋರ್ನಿಯಾದ ಬೆಂಕಿಯಲ್ಲಿ ಈ ಬಾಗಿಲು ಎತ್ತಲಾಗದೆ ಕೆಲವರು ಸತ್ತ ಮೇಲೆ, ಅಲ್ಲಿ ಮಾರುವ ಹೊಸ ಮೋಟರುಗಳಿಗೆಲ್ಲ ಬ್ಯಾಟರಿ ಇರಲೇಬೇಕು ಎಂದು ಕಾನೂನು ಮಾಡಿದರು, 2019ರ ಜುಲೈಯಿಂದ ಜಾರಿಗೆ ಬಂತು. ಇದನ್ನು ಓದುತ್ತಿರುವವರ ಮನೆಯಲ್ಲಿ ಅಂಥ ಬಾಗಿಲಿದ್ದರೆ ಒಂದು ಸಲ ಹೋಗಿ ಎಳೆದು, ಎತ್ತಿ ನೋಡಿ. ಭಾರ ಇರುತ್ತದೆ. ಅತ್ತೆಯೊಬ್ಬರೇ ಮನೆಯಲ್ಲಿದ್ದಿದ್ದರೆ ಆಗುತ್ತಿರಲಿಲ್ಲ.

ಬಾಗಿಲು ಎತ್ತಿದ ಮೇಲೆ ನಮ್ಮವರದು ಹೊಸ ರಾಗ. “ನೀವೆಲ್ಲ ಹೊರಡಿ, ನಾನು ಪೈಪ್ ಹಿಡಿದು ಚಾವಣಿ ಒದ್ದೆ ಮಾಡ್ತಿರ್ತೀನಿ” ಎಂದರು. ಗಂಡಸರ ಬುದ್ಧಿ. ಆಸ್ಟ್ರೇಲಿಯಾದಲ್ಲಿ 2009ರ ಫೆಬ್ರವರಿ 7ರಂದು ಒಂದೇ ದಿನದ ಬೆಂಕಿಗೆ 173 ಜನ ಹೋದರು, ಮನೆ ಉಳಿಸಿಕೊಳ್ಳಲು ನಿಂತವರೂ ಅದರಲ್ಲಿದ್ದರು. ಅದೆಲ್ಲ ಹೇಳುವಷ್ಟು ಹೊತ್ತು ನನಗಿರಲಿಲ್ಲ. ನಲ್ಲಿ ತಿರುಗಿಸಿ ತೋರಿಸಿದೆ. ನೀರು ಹನಿಹನಿಯಾಗಿ ಬರುತ್ತಿತ್ತು. ಊರಿನವರೆಲ್ಲ ಒಟ್ಟಿಗೆ ಪೈಪ್ ಬಿಟ್ಟರೆ, ಪಂಪಿಗೆ ಕರೆಂಟಿಲ್ಲದಿದ್ದರೆ, ಇನ್ನೇನಾಗುತ್ತೆ? ಸುಮ್ಮನೆ ಬಂದು ಕಾರು ಹತ್ತಿದರು.

ಖಾಲಿ ಜೇಬಿನ ನಕ್ಷತ್ರ ಯಾಕೆ ಅಂದರೆ, ಬ್ಯಾಗು ಬಂದ ದಿನ ಅದನ್ನು ನೋಡಿ ಇಲ್ಲೇನು ಹಾಕುವುದು ಎಂದು ಯೋಚಿಸಿ, ಮನೆಯ ಪತ್ರಗಳ ಜೆರಾಕ್ಸು, ಎಲ್ಲರ ಗುರುತಿನ ಚೀಟಿಯ ನಕಲು, ಅತ್ತೆಯ ಬಿಪಿ ಮಾತ್ರೆಯ ಒಂದು ಸ್ಟ್ರಿಪ್ ತುರುಕಿದ್ದೆ. ಆರು ದಿನ ನಮ್ಮನ್ನು ಕಾಪಾಡಿದ್ದು ಅದು. ಮರೆತದ್ದು ಅವರ ಕನ್ನಡಕ. ಮೇಜಿನ ಮೇಲೇ ಉಳಿಯಿತು.

ಬೆಕ್ಕು ಮಂಚದ ಕೆಳಗಿನ ಮೂಲೆಗೆ ಸೇರಿತ್ತು. ಪಂಜರ ಅಟ್ಟದ ಮೇಲೆ. ಮಗಳು ದಿಂಬಿನ ಕವರು ಕಿತ್ತು, ಅದರೊಳಗೆ ಬೆಕ್ಕನ್ನು ಹಾಕಿ ಬಾಯಿ ಗಂಟು ಕಟ್ಟಿ ತಂದಳು. ದಾರಿಯುದ್ದಕ್ಕೂ ಆ ಗಂಟು ಅವಳ ತೊಡೆಯ ಮೇಲೆ ಕೂಗುತ್ತಿತ್ತು. ದಿಂಬಿನ ಕವರಿಗೆ ಐದು ನಕ್ಷತ್ರ.

ಆರು ನಿಮಿಷದ ದಾರಿಗೆ ಐವತ್ತು ನಿಮಿಷ ಹಿಡಿಯಿತು. ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಮಧ್ಯಾಹ್ನ ಮೂರು ಗಂಟೆಗೆ ಕತ್ತಲು. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರಿಗೆ ಬೆಂಕಿ ಬಿದ್ದಾಗ ಅಲ್ಲಿಂದ ಹೊರಟವರು ಹೀಗೇ ಕಾರಿನ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. ಆ ಬೆಂಕಿಗೆ 85 ಜನ ಬಲಿಯಾದರು. ಅದು ನೆನಪಾದದ್ದೇ ತಪ್ಪಾಯಿತು. ಮೊದಲ ಸಂದೇಶಕ್ಕೇ ಹೊರಟಿದ್ದರೆ ಈ ಸಾಲೇ ಇರುತ್ತಿರಲಿಲ್ಲ. ಪಕ್ಕದ ಮನೆಯವರು 2:15ಕ್ಕೇ ಹೊರಟಿದ್ದರು, ನಾವು ಕಿಟಕಿಯಿಂದ ನೋಡಿ ‘ಎಷ್ಟು ಹೆದರಿಕೆ ಇವರಿಗೆ’ ಎಂದಿದ್ದೆವು.

ಆಶ್ರಯ ಕೇಂದ್ರದಲ್ಲಿ ಊಟ, ನೀರು ಎಲ್ಲ ಸಿಕ್ಕಿತು. ಹಾಗಾಗಿ ಬ್ಯಾಗಿನ ನೀರನ್ನು ಸುಮ್ನೆ ಲೆಕ್ಕ ಹಾಕಿ ನೋಡಿದೆ. 125 ಮಿಲಿಲೀಟರಿನ 12 ಪ್ಯಾಕೆಟ್. ಒಟ್ಟು ಒಂದೂವರೆ ಲೀಟರ್. ಇಬ್ಬರಿಗೆ ಮೂರು ದಿನ ಅಂದರೆ ಒಬ್ಬರಿಗೆ ದಿನಕ್ಕೆ ಒಂದು ಲೋಟ! ತಿಳಿದವರು ಹೇಳುವುದು ದಿನಕ್ಕೆ ತಲಾ ನಾಲ್ಕು ಲೀಟರಿನ ಹತ್ತಿರ. ‘130 ಐಟಂಗಳ ಪ್ರಥಮ ಚಿಕಿತ್ಸೆ ಪೆಟ್ಟಿಗೆ’ಯನ್ನೂ ಮಗಳು ಎಣಿಸಿದಳು, ಮಾಡಲು ಬೇರೆ ಕೆಲಸ ಇರಲಿಲ್ಲವಲ್ಲ. ಅದರಲ್ಲಿ 92 ಬ್ಯಾಂಡ್‌ಏಡ್. ಸುಟ್ಟ ಗಾಯಕ್ಕೆ ಒಂದು ಸಣ್ಣ ಪೊಟ್ಟಣ.

ಏಳನೇ ದಿನ ಮನೆಗೆ ಬಂದೆವು. ಮನೆ ನಿಂತಿತ್ತು. ಹಿಂದಿನ ಬೇಲಿ, ಸಾಮಾನಿನ ಕೊಟ್ಟಿಗೆ ಹೋಗಿದ್ದವು. ಫ್ರಿಜ್ಜಿನ ಬಾಗಿಲು ತೆಗೆಯಲು ಧೈರ್ಯ ಬರಲಿಲ್ಲ. ಕಿಟಕಿಯ ಅಂಚಿನಲ್ಲಿ ಬೂದಿ ಒಂದು ಬೆರಳು ದಪ್ಪ. ಪೊರಕೆ ಹಿಡಿದಿದ್ದೆ, ಪಕ್ಕದ ಮನೆಯವರು ತಡೆದರು. ಒಣ ಬೂದಿ ಗುಡಿಸಿದರೆ ಮತ್ತೆ ಗಾಳಿಗೆ ಏಳುತ್ತದೆ, ಮೊದಲು ನೀರು ಚಿಮುಕಿಸಬೇಕು ಎಂದರು. ಜೊತೆಗೆ ನಾಲ್ಕು ಎನ್95 ಕೂಡ ಕೊಟ್ಟರು. ಅವರನ್ನು ನೋಡಿ ನಕ್ಕಿದ್ದು ನೆನಪಾಗಿ ಮುಖ ಎತ್ತಲಾಗಲಿಲ್ಲ.

ಕೊಳ್ಳಬೇಕಾ ಬೇಡವಾ ಎಂದು ಕೇಳುವವರಿಗೆ: ಒಳ್ಳೆಯ ಕೈರೇಡಿಯೋ ಒಂದನ್ನು ಬಿಡಿಯಾಗಿ ಕೊಂಡು, ಮನೆಯಲ್ಲಿರುವ ಹಳೆಯ ಶಾಲೆ ಬ್ಯಾಗಿಗೆ ಉಳಿದದ್ದನ್ನು ನೀವೇ ತುಂಬಿಕೊಳ್ಳಿ. ನಾನು ಹಾಗೇ ಮಾಡಿದ್ದೇನೆ. ಎನ್95, ಪವರ್ ಬ್ಯಾಂಕ್, ಅತ್ತೆಯ ಹಳೆಯ ಕನ್ನಡಕ, ಎಲ್ಲರಿಗೂ ಒಂದೊಂದು ಜೊತೆ ಹತ್ತಿ ಬಟ್ಟೆ, ಒಂದು ದಿಂಬಿನ ಕವರು. ಮುಂದಿನ ಜೇಬಿಗೆ ಒಂದು ರಟ್ಟು: ಕಿಟಕಿ ಮುಚ್ಚು, ಗ್ಯಾಸ್ ಆಫ್ ಮಾಡು, ಕೆಂಪು ಹಗ್ಗ, ಅತ್ತೆಯ ಮಾತ್ರೆ, ಬೆಕ್ಕು.

ನಮ್ಮ ರೇಡಿಯೋದ ಹಿಡಿ ಈಗ ಸ್ವಲ್ಪ ಸಡಿಲವಾಗಿದೆ, ಮಗಳು ಅಷ್ಟು ತಿರುಗಿಸಿದ್ದಾಳೆ. ಬದಲಿಸಿ ಕೊಡಿ ಎಂದು ಕಂಪನಿಗೆ ಎರಡು ಸಲ ಬರೆದೆ, ಉತ್ತರ ಇಲ್ಲ. ಬಂದರೆ ಇಲ್ಲೇ ತಿಳಿಸುತ್ತೇನೆ.