ಟ್ರೂಮನ್ ಕೈಬರಹದ ಪತ್ರ ತಗೊಂಡೆ, ಡೀಲರ್ ಬಗ್ಗೆ ನನ್ನ ಅನುಭವ

ಅಮೆರಿಕದ ಮಾಜಿ ಅಧ್ಯಕ್ಷರ ಪತ್ರ ಕಲೆಕ್ಟ್ ಮಾಡೋರಿಗೆ ಈ ಮಾತು. ಇಲ್ಲಿ ನ್ಯೂಜೆರ್ಸಿಲಿ ಒಬ್ಬ ಡೀಲರ್ ಹತ್ರ ಹ್ಯಾರಿ ಟ್ರೂಮನ್ 1953ರಲ್ಲಿ ಅಧಿಕಾರ ಬಿಟ್ಮೇಲೆ ಬರೆದ ಪತ್ರ ತಗೊಂಡೆ, ಟೈಪ್ ಮಾಡ್ಸಿ ಕೆಳಗೆ ಸೈನ್ ಹಾಕಿದ್ದಲ್ಲ, ಪೂರ್ತಿ ಅವರದೇ ಕೈಬರಹ, ಅದಕ್ಕೇ ರೇಟೂ ಜಾಸ್ತಿ ಆದ್ರೆ ಕೊಟ್ಟ ದುಡ್ಡಿಗೆ ಬೇಜಾರಿಲ್ಲ. ಕೆನಡಿ ಸೈನ್ ಇರೋದು ಇನ್ನೊಂದು ಕೇಳಿದ್ರೆ ಅದು ಆಟೋಪೆನ್ ಮಷಿನ್ ಹಾಕಿರೋ ಸೈನು, ತಗೋಬೇಡಿ ಅಂತ ಅವ್ರೇ ಹೇಳಿದ್ರು, ಆ ಪ್ರಾಮಾಣಿಕತೆ ನಂಗೆ ತುಂಬಾ ಹಿಡಿಸ್ತು. ಅಮೆರಿಕ ಸರ್ಕಾರ ಜನರಿಗೆ ಜಮೀನು ಕೊಟ್ಟಾಗ ಮಾಡ್ಕೊಡ್ತಿದ್ದ ಹಳೇ ಜಮೀನು ಪತ್ರಗಳೂ ಅಷ್ಟೇ, 1833ರಿಂದ ಅಧ್ಯಕ್ಷರ ಹೆಸ್ರಲ್ಲಿ ಸೆಕ್ರೆಟರಿನೇ ಸಹಿ ಹಾಕ್ತಿದ್ದಿದ್ದು, ನೋಡ್ಕೊಂಡು ತಗೊಳ್ಳಿ. ಪ್ಯಾಕಿಂಗ್ ಮಾತ್ರ ಸರಿ ಇರ್ಲಿಲ್ಲ, ಮಾಮೂಲಿ ಪ್ಲಾಸ್ಟಿಕ್ ಕವರಲ್ಲಿ ಕಳ್ಸಿದ್ರು, ಇಂಥ ಕಾಗದಕ್ಕೆ ಆಸಿಡ್ ಇಲ್ಲದ ಫೋಲ್ಡರ್ ಬೇಕೇ ಬೇಕು.