ಒಂದು ಮಂಡಿಗೆ ಕತ್ತರಿ, ಇನ್ನೊಂದಕ್ಕೆ ಕಸರತ್ತು

ನನ್ನ ಎರಡೂ ಮಂಡಿಗಳ ಎಸಿಎಲ್, ಅಂದರೆ ಒಳಗೆ ಮೂಳೆಗಳನ್ನು ಬಿಗಿದಿಡುವ ಹುರಿ, ಹರಿದಿದೆ. ಎಡಗಾಲಿನದು 2014ರಲ್ಲಿ ರಾಜಾಜಿನಗರದಲ್ಲಿ ಕಬಡ್ಡಿ ಆಡುವಾಗ, ಬಲಗಾಲಿನದು 2019ರಲ್ಲಿ ಶಟಲ್ ಆಡುವಾಗ. ಎಡಕ್ಕೆ ಶಸ್ತ್ರಚಿಕಿತ್ಸೆ ಬೇಡವೆಂದೆ, ಬಲಕ್ಕೆ ಮಾಡಿಸಿಕೊಂಡೆ. ಯಾವುದು ಒಳ್ಳೆಯದೆಂದು ಮೈದಾನದ ಹುಡುಗರು ಕೇಳಿದಾಗ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ಸಲವೂ ಯಾರೂ ನನ್ನನ್ನು ತಾಗಿರಲಿಲ್ಲ. ಪಾದ ನೆಲ ಕಚ್ಚಿತ್ತು, ಮೈ ತಿರುಗಿತು, ಒಳಗೆ ‘ಟಪ್’ ಎಂದಿತು. ಸಂಜೆಯೊಳಗೆ ಮಂಡಿ ತೆಂಗಿನಕಾಯಿಯಂತೆ ಊದಿತ್ತು. ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿದಿಡುವ ಹುರಿಯೇ ಈ ಎಸಿಎಲ್. ಪೂರ್ತಿ ಹರಿದರೆ ತಾನಾಗಿ ಸರಿಯಾಗಿ ಕೂಡಿಕೊಳ್ಳುತ್ತದೆಂಬ ಭರವಸೆ ಇಲ್ಲ. ಅದರ ಕೆಲಸವನ್ನು ಸುತ್ತಲಿನ ಸ್ನಾಯುಗಳಿಗೆ ಕಲಿಸಬೇಕು, ಇಲ್ಲವೇ ಹೊಸ ಹುರಿ ಕಟ್ಟಿಸಬೇಕು.

ಎಡಗಾಲು ಬೇಗ ಚೇತರಿಸಿಕೊಂಡಿತು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು, ಕಾಲು ನೆಟ್ಟಗೆ ಎತ್ತುವುದು, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲುವುದು. ಮೂರು ತಿಂಗಳಲ್ಲಿ ಬಿಎಂಟಿಸಿ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಿದೆ. ನೋವು ಇರಲಿಲ್ಲ. ಐದನೇ ತಿಂಗಳಿಗೆ ಕಬಡ್ಡಿಗೆ ಇಳಿದೆ. ಒಂಟಿಕಾಲಿನಲ್ಲಿ ಜಿಗಿಸಿ ನೋಡುವವರೆಗೆ ಆಡಬೇಡಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು, ನಾನು ಹೋಗಲೇ ಇಲ್ಲ. ಮಂಡಿ ಎರಡು ಸಲ ಜಾರಿತು. ಮೂರನೇ ಸಲ ಒಳಗಿನ ಮೆತ್ತೆ, ಅಂದರೆ ಮೆನಿಸ್ಕಸ್ ಹರಿಯಿತು. ಕಬಡ್ಡಿ ಅಲ್ಲಿಗೆ ಮುಗಿಯಿತು. ಹುರಿ ಹರಿದದ್ದಕ್ಕಿಂತ ಆ ಮೆತ್ತೆ ಹೋದದ್ದೇ ಇವತ್ತಿಗೂ ನನಗೆ ಹೆಚ್ಚು ಸಂಕಟ.

ಬಲಗಾಲಿಗೆ ಪೆಟ್ಟಾದಾಗ ಸ್ವೀಡನ್ನಿನ ಒಂದು ಅಧ್ಯಯನ ಓದಿದ್ದೆ. 2010ರಲ್ಲಿ ಪ್ರಕಟವಾದ ಅದರಲ್ಲಿ 121 ಯುವಜನರಿದ್ದರು. ಕೆಲವರಿಗೆ ಬೇಗನೆ ಶಸ್ತ್ರಚಿಕಿತ್ಸೆ, ಉಳಿದವರಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಶಸ್ತ್ರಚಿಕಿತ್ಸೆ. ಎರಡು ವರ್ಷದ ಬಳಿಕ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಐದು ವರ್ಷವಾಗುವಷ್ಟರಲ್ಲಿ ಎರಡನೇ ಗುಂಪಿನ ಸುಮಾರು ಅರ್ಧದಷ್ಟು ಜನ ಶಸ್ತ್ರಚಿಕಿತ್ಸೆಗೆ ಹೋಗಿದ್ದರು. ಶಟಲ್ ಬಿಡಲು ಮನಸ್ಸಿಲ್ಲದ ನಾನು ಆ ಅರ್ಧದಲ್ಲೇ ಸೇರುವವನು ಎನಿಸಿತು.

ಊತ ಇಳಿದು ಮಂಡಿ ಪೂರ್ತಿ ನೆಟ್ಟಗಾಗಲೆಂದು ಐದು ವಾರ ಕಾದೆವು. ತೊಡೆಯ ಹಿಂಭಾಗದಿಂದ ಎರಡು ರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಎಳೆ ತೆಗೆದು, ಮಡಿಸಿ, ಹೊಸ ಹುರಿ ಮಾಡಿದರು. ನೋವು ನಿರೀಕ್ಷಿಸಿದ್ದೆ. ತೊಡೆ ನನ್ನ ಮಾತು ಕೇಳದಿರುವುದನ್ನು ನಿರೀಕ್ಷಿಸಿರಲಿಲ್ಲ. ಕಾಲೆತ್ತು ಎಂದರೆ ಮಂಡಿಚಿಪ್ಪಿನ ಮೇಲಿನ ಸ್ನಾಯು ಒಂದಿಷ್ಟು ನಡುಗಿ ಸುಮ್ಮನಾಗುತ್ತಿತ್ತು. ಪ್ರತಿ ಭಾನುವಾರ ಅಮ್ಮನ ಹೊಲಿಗೆ ಟೇಪಿನಿಂದ ಎರಡೂ ತೊಡೆ ಅಳೆಯುತ್ತಿದ್ದೆ. ಎರಡನೇ ವಾರಕ್ಕೆ ಬಲತೊಡೆ ಮೂರೂವರೆ ಸೆಂಟಿಮೀಟರ್ ಸೊರಗಿತ್ತು. ಅದನ್ನು ತುಂಬಿಸಿಕೊಳ್ಳಲು ಎಂಟು ತಿಂಗಳು ಹಿಡಿಯಿತು, ಅದೂ ಎಡಗಾಲಿಗೆ ಮಾಡಿದ ಅದೇ ಕಸರತ್ತಿನಿಂದ, ಅದರ ಎರಡರಷ್ಟು ಶ್ರಮದಿಂದ.

ನೋವು ಹೋದದ್ದು ಇಲ್ಲಿಯೂ ಬೇಗ. ಆದರೆ ಕತ್ತರಿಸಿ ತಂದ ರಜ್ಜುವಿಗೆ ಹೊಸದಾಗಿ ರಕ್ತ ಸಂಚಾರ ಹತ್ತಬೇಕು, ಆರರಿಂದ ಹನ್ನೆರಡು ವಾರಗಳ ನಡುವೆ ಅದು ತೀರಾ ದುರ್ಬಲ. ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದದ್ದನ್ನು ನಾರ್ವೆಯ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಈ ಸಲ ಹತ್ತು ತಿಂಗಳು ಕಾದೆ. ಅವಸರ ಪಡುವ ಹುಡುಗರಿಗೆ ರಿಷಭ್ ಪಂತ್ ಅವರನ್ನು ನೆನಪಿಸುತ್ತೇನೆ. 2022ರ ಡಿಸೆಂಬರ್‌ನ ಕಾರು ಅಪಘಾತದಲ್ಲಿ ಮಂಡಿಯ ಹುರಿ ಹರಿದ ನಂತರ, ಇದೇ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಆರೈಕೆ ಇದ್ದೂ, ಅವರು ಐಪಿಎಲ್‌ಗೆ ಮರಳಲು ಹದಿನಾಲ್ಕು ತಿಂಗಳು ದಾಟಿತು.

ಕಚೇರಿ, ಬಸ್ಸು, ಸಂಜೆಯ ನಡಿಗೆ ಸಾಕೆನ್ನುವವರಿಗೆ ನಾನು ಎಡಗಾಲಿನ ದಾರಿಯನ್ನೇ ಮೊದಲು ಹೇಳುತ್ತೇನೆ, ಮೆನಿಸ್ಕಸ್ ನೆಟ್ಟಗಿದ್ದರೆ. ಊಟಕ್ಕೆ ಚಕ್ಕಂಬಟ್ಟಲೆ ಹಾಕಿ ಕೂರಲು ಇಂದಿಗೂ ಎಡವೇ ಸಲೀಸು, ಬಲಮಂಡಿ ಪೂರ್ತಿ ಮಡಚುವುದಿಲ್ಲ. ತಿರುಗಿ ತಿರುಗಿ ಆಡುವವರಿಗೆ ಬಲಗಾಲಿನ ದಾರಿ. ಪಾದಚಾರಿ ಮಾರ್ಗದ ಸಡಿಲ ಚಪ್ಪಡಿ ಅಲುಗಿದಾಗ ಎಡಮಂಡಿ ಬೆಚ್ಚುತ್ತದೆ, ಬಲಕ್ಕೆ ಆ ಭಯವಿಲ್ಲ. ಲಾಲ್‌ಬಾಗ್ ಬಂಡೆ ಇಳಿಯುವಾಗ ಎಡಗಾಲನ್ನೇ ಮೊದಲು ಕೆಳಗಿಡುತ್ತೇನೆ. ಅದು ನೆಲ ಮುಟ್ಟುವವರೆಗೆ ಮೈಭಾರವನ್ನೆಲ್ಲ ಬಲಗಾಲು ತಡೆದು ಹಿಡಿದಿರುತ್ತದೆ.